ಮುಯ್ಯಿಗೆ ಹೋದವಳು

ಊರಿಗೆ ಹೋದರೆ ಸಾಕು, ನನ್ನ ಅತ್ತಿಗೆಗೆ ಅದೊಂದೇ ಮಾತು. ಚಪ್ಪಲಿ ಬಿಟ್ಟು ಒಳಗೆ ಬಂದು ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಶುರು ಹಚ್ಚುತ್ತಾಳೆ.

“ಅಲ್ಲಮ್ಮಿ, ರಾಯದುರ್ಗಕ್ಕೆ ಮೊದ್ಲು ಹೋದೋರು ನೀವು. ಆ ಓಬಳಾಪುರದ ಕಡೆಯೋರು ನಿಮ್ಮ ಹಿಂದೆ ಬಂದ್ರು. ಈಗ ನೋಡಿದ್ರೆ ಅವ್ರು ಮಾಳಿಗೆ ಮೇಲೆ ಮಾಳಿಗೆ ಏರಿಸ್ತಾವ್ರಂತೆ. ನೀವು ಇನ್ನೂ ಬಾಡಿಗೆ ಮನೇಲಿ ಇದ್ದೀರ. ಯಾಕಂತೆ?”

ಏನು ಹೇಳಲಿ? ಸಾಕಾಗಿದೆ. ಮದುವೆಯಲ್ಲಿ ಕೇಳುತ್ತಾರೆ, ನಾಮಕರಣದಲ್ಲಿ ಕೇಳುತ್ತಾರೆ, ತಿಥಿಯ ಊಟಕ್ಕೆ ಕೂತಾಗಲೂ ಎಲೆಯ ಮುಂದೆ ಕೇಳುತ್ತಾರೆ. ಎರಡು ಸೀಮೆಯ ಜನರನ್ನು ತಕ್ಕಡಿಯಲ್ಲಿಟ್ಟು ತೂಗುವ ಕೆಲಸ ನನ್ನ ಪಾಲಿಗೇ ಯಾಕೆ ಬರಬೇಕೋ! ಅವರು ಜಾಣರು, ನಾವು ದಡ್ಡರು ಎಂದು ಹೇಳಿ ಎದ್ದುಬಿಡಬಹುದು. ಆದರೆ ಅದು ನಿಜವಲ್ಲ. ನಿಜ ಹೇಳಬೇಕೆಂದರೆ ಮುಯ್ಯಿಯಿಂದ ಶುರು ಮಾಡಬೇಕು, ಅಷ್ಟು ಹೊತ್ತು ಕೇಳುವ ತಾಳ್ಮೆ ಅತ್ತಿಗೆಗಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಮಡಕಶಿರದ ಹತ್ತಿರ, ರೊಳ್ಳದ ಕಡೆ ನಮ್ಮದು ಕಡಲೆಕಾಯಿ, ರಾಗಿ, ಒಂದಿಷ್ಟು ಹಿಪ್ಪುನೇರಳೆ. ಕಳೆ ಕೀಳುವುದಿರಲಿ, ಕಡಲೆಕಾಯಿ ಬಿಡಿಸುವುದಿರಲಿ, ರೇಷ್ಮೆಹುಳಕ್ಕೆ ಸೊಪ್ಪು ಹೆಚ್ಚುವುದಿರಲಿ, ಎಲ್ಲವೂ ಮುಯ್ಯಾಳಿನಲ್ಲೇ ನಡೆಯುತ್ತಿತ್ತು. ಇವತ್ತು ನಿಮ್ಮ ಮನೆಯವರು ನಮ್ಮ ಹೊಲಕ್ಕೆ, ನಾಳೆ ನಮ್ಮ ಮನೆಯವರು ನಿಮ್ಮ ಹೊಲಕ್ಕೆ. ದುಡ್ಡಿನ ಮಾತೇ ಇಲ್ಲ. ಮುಯ್ಯಿಗೆ ಬಂದವಳಿಗೆ ಹೊಟ್ಟೆತುಂಬ ಊಟ ಹಾಕಬೇಕು, ಆಮೇಲೆ ಅವಳ ಹೊಲಕ್ಕೆ ಹೋಗಿ ಮುಯ್ಯಿ ತೀರಿಸಬೇಕು. ತೀರಿಸಲು ಬಿಡದಿದ್ದರೆ ಅದು ಅವಮಾನ. ನಿನ್ನ ಕೈಯಲ್ಲಿ ಏನೂ ಆಗುವುದಿಲ್ಲ, ಬಿಡು ಎಂದ ಹಾಗೆ.

ನಮ್ಮಮ್ಮ ಜೀವಮಾನದಲ್ಲಿ ಕೂಲಿಗೆ ಹೋದವಳಲ್ಲ. ಇದ್ದದ್ದು ತುಂಡು ಹೊಲ, ಆದರೂ ಹೋಗಲಿಲ್ಲ. “ಕೂಲಿಗೆ ಹೋದ್ರೆ ಹೊಲದೋಳು ಬದಿನ ಮೇಲೆ ನಿಂತ್ಕೊಂಡು ನೋಡ್ತಾಳೆ ಕಣಮ್ಮಿ. ಮುಯ್ಯಿಗೆ ಹೋದ್ರೆ ನಮ್ಮ ಪಕ್ಕದಾಗೇ ಬಗ್ಗಿ ಕಳೆ ಕೀಳ್ತಾಳೆ,” ಎನ್ನುತ್ತಿದ್ದಳು. ಆ ಬಿಗುಮಾನ ನನಗೂ ಅಂಟಿತ್ತು. ಅಣ್ಣತಮ್ಮಂದಿರು ಪಾಲಾಗಿ, ಬಟ್ಟೆ ಕಟಿಂಗ್ ಕಲಿತಿದ್ದ ನನ್ನ ಗಂಡ ರಾಯದುರ್ಗಕ್ಕೆ ಹೋಗೋಣ ಎಂದಾಗ ನಾನು ಹಾಕಿದ ಷರತ್ತು ಒಂದೇ. ಹೊಲಿಗೆ ಮಿಷನ್ನು ನಮ್ಮದೇ ಇರಬೇಕು. ಇನ್ನೊಬ್ಬರ ಮಿಷನ್ನಿನ ಮುಂದೆ ನಾನು ಕೂಲಿಗೆ ಕೂರುವುದಿಲ್ಲ.

“ಆಯ್ತು ಮಾರಾಯ್ತಿ,” ಎಂದರು ಅವರು. ನನ್ನ ಓಲೆ ಮಾರಿ ಮಿಷನ್ನು ಬಂತು.

ಆಗ ರಾಯದುರ್ಗದಲ್ಲಿ ಮನೆಮನೆಯಲ್ಲೂ ಜೀನ್ಸ್ ಪ್ಯಾಂಟಿನ ಹೊಲಿಗೆ. ಯಾವ ಓಣಿಗೆ ಹೊಕ್ಕರೂ ಮಿಷನ್ನಿನ ಸದ್ದು, ಬಾಗಿಲಲ್ಲಿ ನೀಲಿ ನೂಲಿನ ಕಸ, ಹೆಂಗಸರ ಉಗುರಲ್ಲಿ ಎಷ್ಟು ತೊಳೆದರೂ ಹೋಗದ ನೀಲಿ. ಕೆಲಸ ಹಂಚುವ ಮೇಸ್ತ್ರಿ ಕತ್ತರಿಸಿದ ಬಟ್ಟೆಯ ಬಂಡಲ್ ತಂದು ಹಾಕುತ್ತಿದ್ದ, ಹೊಲಿದು ಕೊಟ್ಟರೆ ಬಳ್ಳಾರಿಗೆ ವಾಷಿಂಗಿಗೆ ಕಳಿಸುತ್ತಿದ್ದ. ಬೆಟ್ಟದ ಬುಡದ ಒಂದು ಓಣಿಯಲ್ಲಿ ನಾವು ಮಡಕಶಿರದ ಕಡೆಯ ಏಳೆಂಟು ಮನೆಯವರು ಒಟ್ಟಿಗೆ ಇಳಿದೆವು. ಮುಯ್ಯಿಯೂ ನಮ್ಮ ಜೊತೆಗೇ ಬಂತು. ಒಬ್ಬರ ಲಾಟು, ಅಂದರೆ ಒಂದು ಸಲಕ್ಕೆ ಬಂದ ಮಾಲು, ಅವಸರವಾದರೆ ಎಲ್ಲರೂ ಅವರ ಮನೆಯಲ್ಲಿ. ಒಬ್ಬಳು ಜೇಬು, ಒಬ್ಬಳು ಜಿಪ್ಪು, ಒಬ್ಬಳು ಬೆಲ್ಟು. ಮಧ್ಯಾಹ್ನಕ್ಕೆ ಮುದ್ದೆ, ಕಡಲೆಕಾಯಿ ಚಟ್ನಿ. ಓಣಿಯ ಹಳಬರು ನಮ್ಮ ಮಾತು ಕೇಳಿ ನಗುತ್ತಿದ್ದರು. “ಬತ್ತೀವಿ, ಹೋಯ್ತೀವಿ ಅಂತೀರಲ್ರೀ, ಅದೇನು ಭಾಷಿರೀ?” ಎಂದು ಅಂಗಡಿಯವರು ಅಣಕಿಸುತ್ತಿದ್ದರು. ನಗಲಿ ಬಿಡು ಎಂದು ನಾವೂ ನಕ್ಕು ಬಿಡುತ್ತಿದ್ದೆವು. ಆ ದಿನಗಳಲ್ಲಿ ನನಗೆ ದಣಿವು ಎಂಬುದು ಗೊತ್ತಿರಲಿಲ್ಲ.

ಓಬಳಾಪುರದ ಕಡೆಯವರು ಬಂದದ್ದು ಆಮೇಲೆ, ಗಣಿಯ ಕೆಲಸ ನಿಂತ ಮೇಲೆ. ಲಾರಿಗೆ ಅದಿರು ತುಂಬುತ್ತಿದ್ದವರು, ಲಾರಿಯ ಕ್ಲೀನರುಗಳು, ಅವರಿಗೆ ಊಟ ಮಾಡಿ ಹಾಕುತ್ತಿದ್ದವರು. ನಮ್ಮ ಎದುರು ಸಾಲಿನಲ್ಲಿ ಮನೆ ಹಿಡಿದರು. ನನ್ನ ಎದುರುಮನೆಗೆ ಬಂದವಳು ನನಗಿಂತ ಚಿಕ್ಕವಳು, ಎರಡು ಮಕ್ಕಳ ತಾಯಿ. ಮೊದಲ ದಿನ ಅವಳ ಸೀರೆಯ ಅಂಚಲ್ಲಿ ಇನ್ನೂ ಕೆಂಪು ಧೂಳು ಕೂತಿತ್ತು. ಮಿಷನ್ನಿನ ಪೆಡಲು ತುಳಿಯಲು ಬರುತ್ತಿರಲಿಲ್ಲ. ನಾನೇ ಹೇಳಿಕೊಟ್ಟೆ.

“ಅಕ್ಕಾ, ಸಿಟ್ಟಾಗಬ್ಯಾಡ್ರಿ, ಇನ್ನೊಮ್ಮೆ ತೋರಸ್ರಿ,” ಎನ್ನುತ್ತಿದ್ದಳು. ಹತ್ತು ಸಲ ತೋರಿಸಿದರೂ ಬೇಸರವಾಗದಂಥ ಹುಡುಗಿ. ಅವಳ ಕೈ ಬಲು ಚುರುಕು. ಬೇಗ ಕಲಿತಳು.

ಅವರಲ್ಲಿ ಮುಯ್ಯಿ ಇರಲಿಲ್ಲ. ಗಣಿಯಲ್ಲಿ ಪಾಳಿ ಮುಗಿದರೆ ಕೂಲಿ, ಕೂಲಿ ತಗೊಂಡರೆ ಮನೆ. ಯಾರ ಋಣವೂ ಯಾರ ಮೇಲೂ ಉಳಿಯಬಾರದು. ಅದು ಅವರ ರೀತಿ, ತಪ್ಪೇನಿಲ್ಲ. ಇಲ್ಲೂ ಹಾಗೇ ನಡೆಸಿದರು. ಗಂಟೆ ನೋಡಿ ಕೂರುವುದು, ಗಂಟೆ ನೋಡಿ ಏಳುವುದು. ಯಾರನ್ನಾದರೂ ಕೈಜೋಡಿಸಲು ಕರೆದರೆ ಸಂಜೆಗೆ ಅವರ ಕೂಲಿ ಅವರ ಕೈಗೆ. ಸ್ವಂತ ತಂಗಿಯಾದರೂ ಅಷ್ಟೇ. ಇದನ್ನು ನೋಡಿ ನಮ್ಮ ಸಾಲಿನ ಹೆಂಗಸರು ಮೂಗು ಮುರಿಯುತ್ತಿದ್ದರು. “ಒಡಹುಟ್ಟಿದೋಳ್ಗೂ ಕೂಲಿ ಕೊಡ್ತಾರಂತೆ, ಥೂ!” ನಾನೂ ಹಾಗೇ ಅಂದಿದ್ದೆ.

ಅವರು ಇಡೀ ಸಂಸಾರವನ್ನೇ ಎತ್ತಿಕೊಂಡು ಬಂದಿದ್ದರು, ಅತ್ತೆ, ಮಾವ, ಒರಳುಕಲ್ಲು ಸಮೇತ. ಹಿಂದೆ ನೋಡಿದರೆ ಅಲ್ಲಿ ಏನೂ ಉಳಿದಿರಲಿಲ್ಲ. ಎದುರುಮನೆಯ ಅತ್ತೆ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ಸೊಸೆ ಮಿಷನ್ನು ಬಿಟ್ಟು ಏಳುವ ಪ್ರಮೇಯವೇ ಇರಲಿಲ್ಲ. ಪಾಪ, ಆ ಮುದುಕಿ ನನ್ನ ಮಗಳಿಗೂ ಎಷ್ಟೋ ಸಲ ತಲೆ ಬಾಚಿದ್ದಾಳೆ. ನಮ್ಮ ಅತ್ತೆ ಮಾವಂದಿರೋ ಊರಲ್ಲೇ. ಅಲ್ಲಿ ಹೊಲ, ಎಮ್ಮೆ, ಹುಳದ ಮನೆ. ನಮ್ಮದು ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ. ಹುಳ ನಾಲ್ಕನೇ ಜ್ವರ ಎದ್ದಿದೆ, ಪೊರೆ ಬಿಟ್ಟು ಹಸಿದಿದೆ, ಸೊಪ್ಪು ಹಾಕಲು ಕೈ ಸಾಲದು ಎಂದು ಫೋನ್ ಬಂದರೆ ಬಂಡಲ್ ಹಾಗೇ ಸುತ್ತಿಟ್ಟು ಬಸ್ಸು ಹತ್ತುವುದೇ. ಕಡಲೆಕಾಯಿ ಕೀಳುವ ಕಾಲವಂತೂ ಸರಿಯಾಗಿ ದೀಪಾವಳಿಯ ಮಾಲು ಬರುವ ಕಾಲ. ಮೇಸ್ತ್ರಿ ಬೈಯುತ್ತಿದ್ದ. “ಹಬ್ಬದ ಮಾಲು ಹಬ್ಬ ಆದಮ್ಯಾಲ ಕೊಟ್ರ ನಾ ಏನ್ ಮಾಡ್ಲವ್ವಾ?” ನಾವು ಹಲ್ಲು ಕಿರಿಯುತ್ತಿದ್ದೆವು. ಬರುವಾಗ ಅವನಿಗೊಂದು ಚೀಲ ಹಸಿ ಕಡಲೆಕಾಯಿ ತಂದು ಕೊಟ್ಟರೆ ಸಿಟ್ಟು ಇಳಿಯುತ್ತಿತ್ತು.

ಒಂದು ಸಲ ಇಳಿಯಲಿಲ್ಲ.

ಜೀನ್ಸ್ ಬಟ್ಟೆ ಸುರುಳಿ ಸುತ್ತಿದ ಥಾನುಗಳಲ್ಲಿ ಬರುತ್ತದೆ. ಹೊಲಿಯುವಾಗ ಎಲ್ಲ ಥಾನೂ ಒಂದೇ ಕಡುನೀಲಿ. ವಾಷಿಂಗಿಗೆ ಹಾಕಿದ ಮೇಲೆ ಒಂದು ಥಾನು ತಿಳಿನೀಲಿಗೆ ತಿರುಗಿದರೆ ಇನ್ನೊಂದು ಬೂದಿ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಒಂದು ಥಾನಿನ ತುಂಡುಗಳನ್ನು ಒಂದೇ ಬಂಡಲ್ ಕಟ್ಟಿ ಕೊಡುತ್ತಾರೆ. ಎಡಗಾಲೂ ಬಲಗಾಲೂ ಅದೇ ಬಂಡಲಿನವು ಇರಬೇಕು. ಇದು ನಮಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಸಲ ಕಡಲೆಕಾಯಿ ಕೀಳಲು ಎಲ್ಲರ ಮನೆಯಿಂದಲೂ ಒಟ್ಟಿಗೇ ಕರೆ ಬಂದಿತ್ತು. ಎಲ್ಲರಿಗೂ ಮುಗಿಸುವ ಅವಸರ. ಇವತ್ತು ಇವರದು, ನಾಳೆ ಅವರದು ಎನ್ನುತ್ತ ಕೂರಲು ದಿನ ಇರಲಿಲ್ಲ. ಎಲ್ಲರ ಬಂಡಲನ್ನೂ ಒಂದೇ ಜಗಲಿಯ ಮೇಲೆ ಬಿಚ್ಚಿದೆವು. ಎಡಗಾಲೆಲ್ಲ ಒಂದು ರಾಶಿ, ಬಲಗಾಲೆಲ್ಲ ಒಂದು ರಾಶಿ. ಮುಯ್ಯಾಳಿನಲ್ಲಿ ಬೆಳೆದ ಕೈಗಳು, ನಿನ್ನ ಸೊಪ್ಪು ನನ್ನ ಸೊಪ್ಪು ಎಂದು ಬೇರೆ ಮಾಡಿ ಅಭ್ಯಾಸವೇ ಇಲ್ಲ. ಹಾಡುತ್ತ, ಒಬ್ಬರನ್ನೊಬ್ಬರು ರೇಗಿಸುತ್ತ ಎರಡು ದಿನದಲ್ಲಿ ಮುಗಿಸಿ ಬಸ್ಸು ಹತ್ತಿದೆವು.

ನಾವು ವಾಪಸು ಬಂದಾಗ ಮೇಸ್ತ್ರಿ ಓಣಿಯ ಬಾಯಲ್ಲೇ ಕಾಯುತ್ತಿದ್ದ. ಕೈಯಲ್ಲಿ ವಾಷಿಂಗಾದ ಒಂದು ಪ್ಯಾಂಟು. ಬಿಸಿಲಿಗೆ ಎತ್ತಿ ಹಿಡಿದ. ಒಂದು ಕಾಲು ಆಕಾಶದ ಬಣ್ಣ, ಇನ್ನೊಂದು ಒಲೆಯ ಬೂದಿ.

“ಇದನ್ನ ಯಾರಿಗೆ ತೊಡಸ್ಲವ್ವಾ? ಒಂದು ಕಾಲು ಅಣ್ಣಗ, ಒಂದು ಕಾಲು ತಮ್ಮಗ ತೊಡಸ್ಲೇನು?”

ನಮ್ಮಲ್ಲೊಬ್ಬಳಿಗೆ ನಗು ತಡೆಯಲಿಲ್ಲ. ಕಿಸಕ್ಕೆಂದಳು. ಅವನ ಮುಖ ನೋಡಿ ನಾನು ಅವಳ ತೋಳು ಚಿವುಟಿದೆ. ಆ ಲಾಟಿನಲ್ಲಿ ಅರ್ಧಕ್ಕರ್ಧ ಹಾಗೇ ಆಗಿತ್ತು. ಅಂದಿನಿಂದ ಅವನದು ಒಂದೇ ಕಟ್ಟಪ್ಪಣೆ: “ನಿಮ್ಮ ಮನಿ ಕೆಲಸ ನಿಮ್ಮ ಮನ್ಯಾಗ ಮಾಡ್ರಿ. ಇನ್ನೊಬ್ಬರ ಕೈ ಹಚ್ಚಿದ್ರ ಬಂಡಲ್ ಇಲ್ಲ.”

ಮುಯ್ಯಿ ನಿಂತ ಮೇಲೆ ನಮ್ಮ ಸಾಲು ಎಷ್ಟು ಬೇಗ ಸಡಿಲವಾಯಿತೆಂದರೆ ನನಗೆ ಈಗಲೂ ನಂಬಿಕೆ ಬರುವುದಿಲ್ಲ. ಊರಿಗೂ ಓಡಬೇಕು, ಇಲ್ಲಿ ಒಂಟಿಯಾಗಿ ಲಾಟೂ ಮುಗಿಸಬೇಕು ಎಂದರೆ ಯಾರಿಗೆ ಆಗುತ್ತದೆ? ಒಂದೊಂದೇ ಮನೆಯವರು ಮಿಷನ್ನು ಮಾರಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೊರಟರು. “ನೀನೂ ಬಾರಕ್ಕ, ಒಟ್ಟಿಗೆ ಇರಾನ,” ಎಂದು ಕರೆದರು. ಅಲ್ಲಿ ಸಾಲಾಗಿ ಇನ್ನೊಬ್ಬರ ಮಿಷನ್ನಿನ ಮುಂದೆ ಕೂರಬೇಕು. ನಾನು ಒಲ್ಲೆ ಎಂದೆ. ಕೊನೆಗೆ ಉಳಿದದ್ದು ನಮ್ಮದೊಂದೇ ಮನೆ.

ಎದುರು ಸಾಲು ಬೆಳೆಯುತ್ತ ಹೋಯಿತು. ಎದುರುಮನೆಯವಳು ಮೊದಲು ಇನ್ನೊಂದು ಮಿಷನ್ನು ತಂದಳು, ಆಮೇಲೆ ಬಟ್ಟೆಯ ಅಂಚು ಕಟ್ಟುವ ಓವರ್‌ಲಾಕ್ ಮಿಷನ್ನು, ಆಮೇಲೆ ಹಿತ್ತಲಿಗೆ ತಗಡು ಹೊದಿಸಿ ಒಂದು ಶೆಡ್ಡು. ಕೂಲಿಗೆ ಹೆಂಗಸರು ಬರತೊಡಗಿದರು. ಮಕ್ಕಳು ಶಾಲೆಯ ವ್ಯಾನು ಹತ್ತಿದರು. ಹೊಟ್ಟೆ ಉರಿಯಲಿಲ್ಲವೇ ಎಂದರೆ ಉರಿಯಿತು, ಸುಳ್ಳೇಕೆ ಹೇಳಲಿ. ಆದರೆ ಆ ಸಾಲಿನಲ್ಲಿ ಇನ್ನೊಂದನ್ನೂ ನೋಡಿದ್ದೇನೆ. ಅವಳ ಮಾವ ತೀರಿಕೊಂಡ ದಿನ ಅವರದೇ ಸಾಲಿನ ಮಿಷನ್ನುಗಳು ಮಧ್ಯಾಹ್ನದವರೆಗೂ ನಿಲ್ಲಲಿಲ್ಲ. ಅವಳ ಗಂಡ ಮತ್ತು ಮೈದುನ ಒಂದು ಓವರ್‌ಲಾಕ್ ಮಿಷನ್ನಿಗಾಗಿ ಮಾತು ಬಿಟ್ಟು, ನಡುವೆ ಗೋಡೆ ಎಬ್ಬಿಸಿದ್ದಾರೆ. ನಮ್ಮವರು ಬೆಂಗಳೂರಲ್ಲಿ ಚೆಲ್ಲಾಪಿಲ್ಲಿಯಾಗಿದ್ದರೂ ಒಬ್ಬರ ಮನೆಯ ಬಾಣಂತನಕ್ಕೆ ಇನ್ನೊಬ್ಬರು ರಜ ಹಾಕಿ ಓಡುತ್ತಾರೆ, ಅದಕ್ಕೇ ಸಂಬಳ ಕಡಿತ ಮಾಡಿಸಿಕೊಳ್ಳುತ್ತಾರೆ. ಈಗ ಹೇಳು ಅತ್ತಿಗೆ, ಯಾರು ಗೆದ್ದರು? ಹೇಳಲಾರೆ ಎಂದರೆ ಸುಮ್ಮನಿರು.

ನಮ್ಮದೊಂದೇ ಮನೆ ಉಳಿದ ಮೇಲೆ ಒಂದು ವರ್ಷ ನನ್ನ ಗಂಡನಿಗೆ ಬೆನ್ನು ಹಿಡಿದು ಕಟಿಂಗ್ ಟೇಬಲ್ಲಿನ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ನನ್ನೊಬ್ಬಳ ಹೊಲಿಗೆಯ ಮೇಲೆ ಮನೆ ನಡೆಯುತ್ತಿತ್ತು. ಮೇಸ್ತ್ರಿ ಒಂದು ದೊಡ್ಡ ಲಾಟು ಹಾಕಿ, “ಇದೊಂದು ಟೈಮಿಗೆ ಕೊಡವ್ವಾ. ಕೊಟ್ರ ವರ್ಷಪೂರ್ತಿ ಇದೇ ಮಾಲು ನಿನಗ. ಕೊಡಲಿಲ್ಲಂದ್ರ ನಾ ಬ್ಯಾರೆ ಕಡೆ ನೋಡ್ಕೊಂತೀನಿ,” ಎಂದಿದ್ದ. ಅದು ತಪ್ಪಿದರೆ ಮಿಷನ್ನು ಮಾರಿ ಯಾರದಾದರೂ ಶೆಡ್ಡಿಗೆ ಕೂಲಿಗೆ ಹೋಗುವುದೊಂದೇ ದಾರಿ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹೊಲಿಯುತ್ತಿದ್ದೆ. ಅರ್ಧ ಮುಗಿದಿತ್ತು. ಒಂದು ಬೆಳಿಗ್ಗೆ ದಪ್ಪ ಮಡಿಕೆಯ ಮೇಲೆ ಸೂಜಿ ಓಡಿಸುವಾಗ ಎಡಗೈಯ ತೋರುಬೆರಳು ಸೂಜಿಯ ಕೆಳಗೆ ಸಿಕ್ಕಿತು. ಸೂಜಿ ಉಗುರಿನೊಳಗೇ ಮುರಿಯಿತು.

ನನ್ನ ಕೂಗು ಕೇಳಿ ಎದುರುಮನೆಯವಳು ಓಡಿ ಬಂದಳು. ಅವಳೇ ಆಟೋ ಹತ್ತಿಸಿ ಆಸ್ಪತ್ರೆಗೆ ಕರಕೊಂಡು ಹೋದಳು. ಪಟ್ಟಿ ಸುತ್ತಿಸಿಕೊಂಡು ಬಂದು ಬಟ್ಟೆಯ ರಾಶಿಯ ಮುಂದೆ ಕೂತೆ. ಅಳು ಬಂತು. ಬೆರಳಿನ ನೋವಿಗಲ್ಲ.

“ಯಾಕ ಅಳ್ತೀರಕ್ಕಾ? ಸರೀರಿ ಒಂಚೂರು,” ಎಂದಳು. ಸೆರಗು ಸಿಕ್ಕಿಸಿ ನನ್ನ ಮಿಷನ್ನಿನ ಮುಂದೆ ಕೂತೇಬಿಟ್ಟಳು. ತನ್ನ ಶೆಡ್ಡನ್ನು ಗಂಡನಿಗೆ ಬಿಟ್ಟು, ಎರಡು ಹಗಲು ನನ್ನ ಪಕ್ಕದಲ್ಲೇ ಬಗ್ಗಿ ಹೊಲಿದಳು. ನಾನು ಒಂದು ಕೈಯಲ್ಲಿ ನೂಲು ಕತ್ತರಿಸಿ ಕೊಡುತ್ತಿದ್ದೆ. ಮಧ್ಯಾಹ್ನ ನನ್ನ ಗಂಡ ಹೇಗೋ ಮುದ್ದೆ ತೊಳಸಿದರು. “ಅಣ್ಣಾರ ಮುದ್ದಿ ಗಟ್ಟಿ ಐತಿ, ಗಣ್ಯಾಗಿನ ಕಲ್ಲಿದ್ದಂಗ,” ಎಂದು ಅವಳು ನಗಿಸಿದಳು. ಎಷ್ಟೋ ವರ್ಷಗಳ ಮೇಲೆ ಮನೆಯಲ್ಲಿ ಮುಯ್ಯಾಳಿನ ಊಟ ಎಂದುಕೊಂಡೆ. ಲಾಟು ಹೊತ್ತಿಗೆ ಸರಿಯಾಗಿ ಮುಗಿಯಿತು.

“ನಿನ್ನ ಮುಯ್ಯಿ ತೀರ್ಸಾಕೆ ಯಾವತ್ತು ಬರ್ಲಮ್ಮಿ?” ಎಂದು ಕೇಳಿದೆ.

“ಅಯ್ಯ, ಬಿಡ್ರಿ ಅಕ್ಕಾ. ನೀವೇನು ತೀರ್ಸೂದು. ಆರಾಮ್ ಮಾಡ್ಕೊರ್ರಿ,” ಎಂದು ಕೈಯಾಡಿಸಿ ಹೊರಟು ಹೋದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಬೆರಳು ವಾಸಿಯಾಗಲಿ, ತೀರಿಸಿಯೇ ತೀರುತ್ತೇನೆ ಎಂದು ಹಲ್ಲು ಕಚ್ಚಿದೆ.

ಮೇಸ್ತ್ರಿ ಮಾಲು ಎತ್ತಲು ಬಂದವನು ಪ್ಯಾಂಟುಗಳನ್ನು ತಿರುಗಿಸಿ ನೋಡಿದ. ಕೊನೆಯ ಅರ್ಧ ಮಾಲಿನ ಹೊಲಿಗೆಯ ಮೇಲೆ ಬೆರಳಾಡಿಸಿ, “ಇದು ನಿನ್ನ ಕೈ ಅಲ್ಲ. ಯಾರ್ದಿದು? ಭಾಳ ಚಂದ ಐತಿ,” ಎಂದ. ಇನ್ನೊಬ್ಬರ ಕೈ ಹಚ್ಚಬಾರದೆಂಬ ಅವನ ಕಟ್ಟಪ್ಪಣೆ ನೆನಪಾಯಿತು. ಆದರೂ ಎರಡು ಹಗಲು ಬಗ್ಗಿ ಹೊಲಿದವಳ ಕೈಯನ್ನು ನನ್ನದು ಎನ್ನಲು ಬಾಯಿ ಬರಲಿಲ್ಲ. ಎದುರುಮನೆ ತೋರಿಸಿದೆ. ಅವನು ಬೈಯಲಿಲ್ಲ. ಹೂಂ ಎಂದು ಮಾಲು ಎತ್ತಿಕೊಂಡು ಹೋದ. ವಾರ ಕಳೆಯಿತು. ಬಂಡಲ್ ಬರಲಿಲ್ಲ. ಫೋನ್ ಮಾಡಿದರೆ, “ನೋಡೂಣವ್ವಾ, ನೋಡೂಣು,” ಎಂದ.

ಬೆರಳಿನ ಪಟ್ಟಿ ಬಿಚ್ಚಿದ ಮರುದಿನ ಬೆಳಿಗ್ಗೆ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು ಎದುರುಮನೆಯ ಶೆಡ್ಡಿಗೆ ಹೋದೆ. “ಮುಯ್ಯಿಗೆ ಬಂದಿವ್ನಿ ಕಣಮ್ಮಿ,” ಎಂದೆ.

ಅವಳ ಮುಖ ಅರಳಿತು. “ಛಲೋ ಆತ್ರಿ ಅಕ್ಕಾ, ಬರ್ರಿ ಬರ್ರಿ. ಹೊಸಾ ಪಾರ್ಟಿ ಕೆಲಸ ಬಂದೈತಿ. ಆಳು ಸಾಲವಲ್ವು.” ಕಿಟಕಿಯ ಪಕ್ಕದ ಮಿಷನ್ನು ತೋರಿಸಿದಳು. ಕೂತೆ. ಬಂಡಲ್ ಬಿಚ್ಚಿದೆ. ಅದೇ ಬಟ್ಟೆ, ಜೇಬಿನ ಮೇಲೆ ಅದೇ ಎರಡು ಸಾಲು ಹೊಲಿಗೆ. ವರ್ಷಪೂರ್ತಿ ನಿನಗೆ ಎಂದು ಮೇಸ್ತ್ರಿ ಹೇಳಿದ್ದ ಅದೇ ಮಾಲು. ಅದು ನನ್ನ ಮನೆಗೆ ಬರಬೇಕಾದದ್ದು ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬೇಡ ಎನ್ನುತ್ತಿದ್ದಳೇನೋ. ನಾನು ಹೇಳಲಿಲ್ಲ. ಹೇಳಿ ಏನು ಮಾಡಲಿ, ಅವಳ ಹೊಲಿಗೆ ಚೆಂದವಿದ್ದದ್ದು ನಿಜ, ಅವಳಿಗೆ ಕಲಿಸಿದವಳು ನಾನು ಎಂಬುದೂ ನಿಜ.

ಇಡೀ ದಿನ ಹೊಲಿದೆ. ಅವಳು ನನ್ನ ಪಕ್ಕದಲ್ಲಿ ಕೂರಲಿಲ್ಲ. ಕೂರಲು ಅವಳಿಗೆ ಪುರುಸೊತ್ತಾದರೂ ಎಲ್ಲಿ? ಸಾಲಿನಿಂದ ಸಾಲಿಗೆ ಓಡಾಡುತ್ತ, ಒಬ್ಬೊಬ್ಬರ ಹಿಂದೆ ನಿಂತು ನೋಡುತ್ತಿದ್ದಳು. ನನ್ನ ಹಿಂದೆಯೂ ಬಂದು ನಿಂತಳು. “ಚಂದ ಬಂದೈತ್ರಿ,” ಎಂದಳು. ಮಧ್ಯಾಹ್ನ ಕೂಲಿಯ ಹೆಂಗಸರು ತಮ್ಮ ತಮ್ಮ ಬುತ್ತಿ ಬಿಚ್ಚಿದರು. ನಾನು ಬುತ್ತಿ ತಂದಿರಲಿಲ್ಲ. ಮುಯ್ಯಿಗೆ ಹೋಗುವವರು ಬುತ್ತಿ ಒಯ್ಯುವುದುಂಟೇ? ಮನೆಗೆ ಹೋಗಿ ಬರುತ್ತೇನೆ ಎಂದು ಎದ್ದು, ನಮ್ಮ ಅಡಿಗೆಮನೆಯಲ್ಲಿ ನಿಂತುಕೊಂಡೇ ಎರಡು ತುತ್ತು ಉಂಡು ಬಂದೆ.

ಸಂಜೆ ಮಿಷನ್ನುಗಳು ನಿಂತವು. ಹೆಂಗಸರು ಬಾಗಿಲ ಬಳಿ ಸಾಲಾದರು. ನಾನು ಚಪ್ಪಲಿ ಹುಡುಕುತ್ತಿದ್ದೆ. “ಅಕ್ಕಾ, ನಿಲ್ರಿ,” ಎಂದು ಅವಳೇ ಕರೆದಳು. ಮಡಿಚಿದ ನೋಟುಗಳನ್ನು ನನ್ನ ಅಂಗೈಯಲ್ಲಿಟ್ಟು, ಬೆರಳು ಮುಚ್ಚಿ, ಮೇಲಿಂದ ಒತ್ತಿದಳು.

“ಇದ್ಯಾಕಮ್ಮಿ?” ಎಂದೆ.

“ಹಂಗ್ಯಾಕ ಅಂತೀರಕ್ಕಾ! ದುಡ್ದೀರಿ, ತಗೊಳ್ರಿ. ನಿಮ್ಮನ್ನ ಪುಗಸಟ್ಟೆ ದುಡಿಸ್ಕೊಂಡ್ರ ನಂಗ ಒಳ್ಳೇದಾಗತೈತೇನ್ರೀ?” ಅವಳ ಕಣ್ಣಲ್ಲಿ ಪ್ರೀತಿಯೇ ಇತ್ತು. ಒಡಹುಟ್ಟಿದವಳಿಗೆ ಕೊಡುವ ಹಾಗೆಯೇ ಕೊಟ್ಟಳು. ಆಮೇಲೆ ತಗ್ಗಿದ ದನಿಯಲ್ಲಿ, “ನಾಳಿಗೂ ಬರ್ರಿ ಅಕ್ಕಾ. ಆ ಕಿಟಕಿ ಮಿಷನ್ನು ನಿಮಗ ಇಡ್ತೀನಿ,” ಎಂದಳು.

ಓಣಿ ದಾಟಲು ಎಷ್ಟು ಹೊತ್ತು ಬೇಕು? ಆದರೂ ದಾರಿಯಲ್ಲಿ ಕೈಯ ನೋಟು ಬೆವರಿಗೆ ಒದ್ದೆಯಾಗಿತ್ತು. ಗಂಡ ಜಗಲಿಯ ಮೇಲೆ ಬೆನ್ನಿಗೆ ದಿಂಬು ಕೊಟ್ಟು ಕೂತಿದ್ದರು. “ಮುಯ್ಯಿ ತೀರ್ತಾ?” ಎಂದು ಕೇಳಿದರು.

ನಾನು ನೋಟನ್ನು ಅವರ ಪಕ್ಕದಲ್ಲಿಟ್ಟು ಒಳಗೆ ಹೋದೆ. ಮೂಲೆಯಲ್ಲಿ ನನ್ನ ಮಿಷನ್ನು ಹಾಗೇ ನಿಂತಿತ್ತು. ಅದಕ್ಕೆ ಹೊದಿಕೆ ಹಾಕಿದೆ. ಮರುದಿನ ಬೆಳಿಗ್ಗೆ ಎದ್ದು, ಮುದ್ದೆ ತೊಳಸಿ, ಬುತ್ತಿ ಕಟ್ಟಿಕೊಂಡು ಹೋದೆ.